ಗ್ಯಾಲಡೆಟ್ ವಿಶ್ವವಿದ್ಯಾಲಯ: ದಿನಚರಿ ಮತ್ತು ಸಾಮೂಹಿಕ ಸಂಭ್ರಮಗಳು

ಗ್ಯಾಲಡೆಟ್ ವಿಶ್ವವಿದ್ಯಾಲಯವು ಕಿವುಡರ ಉನ್ನತ ಶಿಕ್ಷಣಕ್ಕೆಂದೇ ಸ್ಥಾಪಿತವಾದ ಸಂಸ್ಥೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಈಶಾನ್ಯ ಭಾಗದಲ್ಲಿ, ಫ್ಲಾರಿಡಾ ಅವೆನ್ಯೂ ರಸ್ತೆಗೆ ಹೊಂದಿಕೊಂಡು, ಸುಮಾರು 99 ಎಕರೆ ಆವರಣದಲ್ಲಿದೆ. ಪಾಠ, ಆಡಳಿತ ಸಭೆ, ಆಟ, ಹರಟೆ, ಜಗಳ, ಪ್ರೀತಿ ಎಲ್ಲವೂ ಇಲ್ಲಿ ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ನಡೆಯುತ್ತವೆ. ಓದು ಬರಹ ಇಂಗ್ಲಿಷಿನಲ್ಲಿ. ಕೆಂಡಲ್ ಪ್ರಾಥಮಿಕ ಶಾಲೆ ಮತ್ತು ಕಿವುಡರ ಮಾದರಿ ಪ್ರೌಢಶಾಲೆಗಳೂ ಇದೇ ಆವರಣದಲ್ಲಿರುವುದರಿಂದ ಪುಟ್ಟ ಮಕ್ಕಳಿಂದ ಹಿಡಿದು ಡಾಕ್ಟರೇಟ್ ಸಂಶೋಧಕರವರೆಗೆ ಎಲ್ಲ ವಯಸ್ಸಿನ ಕಿವುಡರು ಒಂದೇ ದಾರಿಯಲ್ಲಿ ಓಡಾಡುತ್ತಾರೆ.

ಈ ಸಂಸ್ಥೆಯ ಸಮುದಾಯ ಜೀವನವನ್ನು ಕಾಲೇಜಿನ ಪಠ್ಯೇತರ ಚಟುವಟಿಕೆ ಎಂದು ಬದಿಗಿಡಲು ಬರುವುದಿಲ್ಲ. ಹುಟ್ಟು ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ತಂದೆತಾಯಿ ಕಿವಿ ಕೇಳುವವರು. ಆ ಮಕ್ಕಳಿಗೆ ಸಂಜ್ಞಾ ಭಾಷೆ ಮನೆಯ ಹಿರಿಯರಿಂದ ಬರುವುದು ಅಪರೂಪ. ವಸತಿಶಾಲೆಯ ಓರಗೆಯವರಿಂದ, ಹಿರಿಯ ವಿದ್ಯಾರ್ಥಿಗಳಿಂದ, ಕಿವುಡ ಶಿಕ್ಷಕರಿಂದ ಬರುತ್ತದೆ. ಕಥೆ, ನಗೆಚಟಾಕಿ, ಹಿರಿಯರ ನೆನಪು, ಹೆಸರಿಡುವ ಪದ್ಧತಿ ಇವೆಲ್ಲ ಬೇರೆಯವರಿಗೆ ಅಜ್ಜ ಅಜ್ಜಿಯರಿಂದ ಸಿಗುತ್ತವೆ, ಕಿವುಡರಿಗೆ ಹತ್ತು ಜನ ಕಿವುಡರು ಸೇರುವ ಜಾಗದಲ್ಲಿ ಸಿಗುತ್ತವೆ. ಗ್ಯಾಲಡೆಟ್‌ನ ಹಬ್ಬಗಳು ಮನೆಯೇ ಮಾಡಬೇಕಾದ ಕೆಲಸವನ್ನು ಮಾಡಿಕೊಂಡು ಬಂದಿವೆ.

ಸ್ಥಾಪನೆ

ಕಥೆ ಶುರುವಾಗುವುದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಿನಲ್ಲಿ. ಅಲ್ಲಿನ ವೈದ್ಯ ಮೇಸನ್ ಕಾಗ್ಸ್‌ವೆಲ್ ಅವರ ಮಗಳು ಆಲಿಸ್ ಕಿವುಡಿ. ನೆರೆಮನೆಯ ಯುವ ಪಾದ್ರಿ ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್ ಅವಳಿಗೆ ಕಲಿಸುವ ದಾರಿ ಹುಡುಕುತ್ತ ಯೂರೋಪಿಗೆ ಹೋದರು. ಪ್ಯಾರಿಸ್ಸಿನ ಕಿವುಡರ ಶಾಲೆಯಲ್ಲಿ ಶಿಕ್ಷಕರಾಗಿದ್ದ, ಸ್ವತಃ ಕಿವುಡರಾದ ಲಾರೆಂ ಕ್ಲೆರ್ ಅವರನ್ನು ಒಪ್ಪಿಸಿ ಅಮೆರಿಕಕ್ಕೆ ಕರೆತಂದರು. 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆರೆಯಿತು. ಫ್ರೆಂಚ್ ಸಂಜ್ಞೆಗಳೂ ವಿದ್ಯಾರ್ಥಿಗಳು ತಮ್ಮ ಊರುಗಳಿಂದ ತಂದ ಸಂಜ್ಞೆಗಳೂ ಅಲ್ಲಿ ಬೆರೆತು ಅಮೆರಿಕನ್ ಸಂಜ್ಞಾ ಭಾಷೆ ರೂಪುಗೊಂಡಿತು.

ಮಾಜಿ ಪೋಸ್ಟ್‌ಮಾಸ್ಟರ್ ಜನರಲ್ ಏಮಸ್ ಕೆಂಡಲ್ ವಾಷಿಂಗ್ಟನ್ನಿನ ತಮ್ಮ ಜಮೀನಿನಲ್ಲಿ ಎರಡು ಎಕರೆಯನ್ನೂ ಒಂದು ಮನೆಯನ್ನೂ ಕಿವುಡ ಮತ್ತು ಕುರುಡ ಮಕ್ಕಳ ಶಾಲೆಗೆ ಬಿಟ್ಟುಕೊಟ್ಟರು. 1857ರಲ್ಲಿ ಅದರ ಮುಖ್ಯಸ್ಥರಾಗಿ ಬಂದವರು ಥಾಮಸ್ ಅವರ ಕಿರಿಯ ಮಗ, 20 ವರ್ಷದ ಎಡ್ವರ್ಡ್ ಮೈನರ್ ಗ್ಯಾಲಡೆಟ್. ಜೊತೆಗೆ ಬಂದ ತಾಯಿ ಸೋಫಿಯಾ ಫೌಲರ್ ಗ್ಯಾಲಡೆಟ್ ಹುಟ್ಟು ಕಿವುಡರು, ಹಾರ್ಟ್‌ಫರ್ಡ್ ಶಾಲೆಯಲ್ಲೇ ಓದಿದವರು. ಮಕ್ಕಳ ಊಟ, ವಸತಿ, ಆರೈಕೆಯ ಹೊಣೆ ಅವರದಾಯಿತು. ಸಂಸ್ಥೆಯ ಇತಿಹಾಸ ಬರೆಯುವವರು ಮಗನ ಹೆಸರನ್ನು ಮುಂದಿಡುತ್ತಾರೆ. ಆದರೆ ಶಾಲೆಯನ್ನು ಮೊದಲ ದಿನದಿಂದ ಕೈಮಾತಿನ ಮನೆಯನ್ನಾಗಿಸಿದ್ದರಲ್ಲಿ ತಾಯಿಯ ಪಾಲು ಕಡಿಮೆಯದಲ್ಲ. ಎಡ್ವರ್ಡ್ ತೊಟ್ಟಿಲಿನಿಂದಲೇ ಆ ಭಾಷೆ ಕಲಿತದ್ದೂ ಅವರಿಂದಲೇ.

ಅಂತರ್ಯುದ್ಧದ ನಡುವೆ, 1864ರ ಏಪ್ರಿಲ್ 8ರಂದು, ಅಧ್ಯಕ್ಷ ಅಬ್ರಹಾಂ ಲಿಂಕನ್ ಈ ಸಂಸ್ಥೆಗೆ ಪದವಿ ನೀಡುವ ಅಧಿಕಾರ ಕೊಡುವ ಕಾಯಿದೆಗೆ ಸಹಿ ಹಾಕಿದರು. 1869ರಲ್ಲಿ ಮೊದಲ ತಂಡದ ಮೂವರು ಪದವೀಧರರ ಪ್ರಮಾಣಪತ್ರಗಳಿಗೆ ಅಧ್ಯಕ್ಷ ಯುಲಿಸಿಸ್ ಗ್ರ್ಯಾಂಟ್ ಸಹಿ ಮಾಡಿದರು. ಆಗಿನಿಂದ ಗ್ಯಾಲಡೆಟ್ ಪದವಿಪತ್ರದ ಮೇಲೆ ದೇಶದ ಅಧ್ಯಕ್ಷರ ಸಹಿ ಇರುವುದು ರೂಢಿ. 1894ರಲ್ಲಿ ತಂದೆ ಥಾಮಸ್ ಅವರ ಗೌರವಾರ್ಥ ಕಾಲೇಜಿಗೆ ಈಗಿನ ಹೆಸರು ಬಂತು. 1986ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಏಪ್ರಿಲ್ 8 ಇಂದಿಗೂ ಸನದಿನ ದಿನವಾಗಿ ಆಚರಣೆಯಲ್ಲಿದೆ.

ನಿತ್ಯದ ಬದುಕು

ಕಣ್ಣಿನಿಂದ ಮಾತು ಕೇಳುವ ಜನರ ದಿನಚರಿ ಬೆಳಕು ಮತ್ತು ದೃಷ್ಟಿರೇಖೆಗಳ ಸುತ್ತ ಕಟ್ಟಿಕೊಂಡಿರುತ್ತದೆ. ವಸತಿಗೃಹದ ಕೋಣೆಗಳಲ್ಲಿ ಕರೆಗಂಟೆ ಒತ್ತಿದರೆ ದೀಪ ಮಿನುಗುತ್ತದೆ. ಬೆಳಗ್ಗೆ ಎಬ್ಬಿಸುವುದು ದಿಂಬಿನಡಿಯ ಕಂಪಿಸುವ ಅಲಾರಂ. ದೂರ ಕುಳಿತವರನ್ನು ಕರೆಯಲು ಕೈ ಬೀಸುತ್ತಾರೆ, ಹತ್ತಿರದವರ ಭುಜ ತಟ್ಟುತ್ತಾರೆ, ಮರದ ನೆಲವಿದ್ದರೆ ಕಾಲಿನಿಂದ ಗುದ್ದಿ ಅದುರಿಸುತ್ತಾರೆ. ಸಭೆಯ ಗಮನ ಬೇಕಾದರೆ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುತ್ತಾರೆ. ಚಪ್ಪಾಳೆಯ ಬದಲು ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಿ ಅಲುಗಾಡಿಸುತ್ತಾರೆ.

ಊಟದ ಮನೆಯಲ್ಲಿ ಈ ಭಾಷೆಯ ಅನುಕೂಲಗಳು ಚೆನ್ನಾಗಿ ಕಾಣುತ್ತವೆ. ಬಾಯಿ ತುಂಬ ತುತ್ತಿದ್ದರೂ ಮಾತು ನಿಲ್ಲುವುದಿಲ್ಲ. ಕೋಣೆಯ ಈ ತುದಿಯಿಂದ ಆ ತುದಿಗೆ, ಮುಚ್ಚಿದ ಗಾಜಿನ ಕಿಟಕಿಯಾಚೆಗೆ ಸಲೀಸಾಗಿ ಹರಟಬಹುದು. ಗುಟ್ಟು ಹೇಳುವುದು ಮಾತ್ರ ಕಷ್ಟ. ಬೆನ್ನು ತಿರುಗಿಸಿ, ಕೈಯನ್ನು ಮೈಗೆ ಒತ್ತಿಕೊಂಡು, ಚಿಕ್ಕ ಚಿಕ್ಕ ಸಂಜ್ಞೆಗಳಲ್ಲಿ ಹೇಳಬೇಕು. ಮೇಜಿನ ನಡುವೆ ಎತ್ತರದ ಹೂದಾನಿ ಇದ್ದರೆ ಎತ್ತಿ ಬದಿಗಿಡುತ್ತಾರೆ. ನಾಲ್ಕು ಜನ ನಿಂತು ಮಾತಾಡುವಾಗ ಐದನೆಯವರು ಬಂದರೆ ಎಲ್ಲರೂ ಹಿಂದೆ ಸರಿದು ವೃತ್ತವನ್ನು ಅಗಲಿಸುತ್ತಾರೆ, ಪ್ರತಿಯೊಬ್ಬರಿಗೂ ಎಲ್ಲರ ಮುಖವೂ ಕೈಯೂ ಕಾಣಲೆಂದು. ಜೊತೆಯಾಗಿ ನಡೆಯುತ್ತ ಮಾತಾಡುವ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಿರುವುದರಿಂದ ಎದುರಿನ ಕಂಬ, ಮೆಟ್ಟಿಲುಗಳ ಬಗ್ಗೆ ಒಬ್ಬರು ಇನ್ನೊಬ್ಬರನ್ನು ಎಚ್ಚರಿಸುತ್ತ ಸಾಗುತ್ತಾರೆ. ಈ ಪರಸ್ಪರ ಕಾವಲು ಮಾತುಕತೆಯ ಸಹಜ ಅಂಗವಾಗಿಬಿಟ್ಟಿದೆ. ಕಣ್ಣೂ ಕಾಣದ ಕಿವುಡರೊಂದಿಗೆ ಕೈಯನ್ನು ಕೈಯಲ್ಲಿಟ್ಟು ಸ್ಪರ್ಶದಿಂದಲೇ ಸಂಭಾಷಿಸುವ ಕ್ರಮವೂ ಇಲ್ಲಿದೆ.

ಬೀಳ್ಕೊಡುಗೆ ಮುಗಿಯದಿರುವುದು ಕಿವುಡರ ಕೂಟಗಳ ಎಲ್ಲರೂ ಬಲ್ಲ ಲಕ್ಷಣ. ಹೊರಡುತ್ತೇನೆಂದು ಎದ್ದವರು ಬಾಗಿಲಲ್ಲಿ ಅರ್ಧ ಗಂಟೆ, ಅಂಗಳದಲ್ಲಿ ಇನ್ನರ್ಧ ಗಂಟೆ ನಿಲ್ಲುತ್ತಾರೆ. ಇದಕ್ಕೆ ಚಾರಿತ್ರಿಕ ಕಾರಣವಿದೆ. ದೂರವಾಣಿ ಎಲ್ಲರ ಮನೆಗೂ ಬಂದ ಮೇಲೂ ದಶಕಗಳ ಕಾಲ ಅದು ಕಿವುಡರಿಗೆ ನಿರುಪಯೋಗಿಯಾಗಿತ್ತು. ಕಿವುಡ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್ 1964ರಲ್ಲಿ ಟೆಲಿಟೈಪ್ ಯಂತ್ರವನ್ನು ದೂರವಾಣಿಗೆ ಜೋಡಿಸುವ ಸಾಧನ ರೂಪಿಸುವವರೆಗೆ, ಮುಂದಿನ ಭೇಟಿಯ ದಿನ, ಜಾಗ, ಊರ ಸುದ್ದಿ ಎಲ್ಲವನ್ನೂ ಎದುರೆದುರೇ ಹೇಳಿ ಮುಗಿಸಬೇಕಿತ್ತು. ಈಗ ವಿಡಿಯೊ ಕರೆ ಕೈಯಲ್ಲೇ ಇದೆ. ಬಾಗಿಲ ಬಳಿಯ ಮಾತು ಮಾತ್ರ ಕಡಿಮೆಯಾಗಿಲ್ಲ.

ಪ್ರತಿಯೊಬ್ಬರಿಗೂ ಒಂದು ಸಂಜ್ಞಾನಾಮ ಇರುತ್ತದೆ. ಅದನ್ನು ತಾವೇ ಇಟ್ಟುಕೊಳ್ಳುವಂತಿಲ್ಲ, ಕಿವುಡ ಸಮುದಾಯ ಕೊಡಬೇಕು. ಕ್ಲೆರ್ ಶಿಶುವಾಗಿದ್ದಾಗ ಬೆಂಕಿಗೆ ಬಿದ್ದು ಕೆನ್ನೆಯಲ್ಲಿ ಗಾಯದ ಕಲೆ ಉಳಿದಿತ್ತು. ಎರಡು ಬೆರಳಿನಿಂದ ಕೆನ್ನೆ ಸವರುವುದೇ ಅವರ ಹೆಸರಾಯಿತು. ಥಾಮಸ್ ಗ್ಯಾಲಡೆಟ್ ಕನ್ನಡಕ ಹಾಕುತ್ತಿದ್ದರು. ಕಣ್ಣಿನ ಬದಿಯಲ್ಲಿ ಕನ್ನಡಕದ ಕಡ್ಡಿಯನ್ನು ಎಳೆದಂತೆ ಮಾಡುವ ಸಂಜ್ಞೆ ಅವರ ಹೆಸರಾಗಿ, ಈಗ ವಿಶ್ವವಿದ್ಯಾಲಯದ ಹೆಸರೂ ಆಗಿದೆ. ಮುಖ್ಯದ್ವಾರದ ಸಮೀಪ ಅವರೂ ಪುಟ್ಟ ಆಲಿಸಳೂ ಜೊತೆಗಿರುವ 1889ರ ಕಂಚಿನ ಪ್ರತಿಮೆಯಿದೆ. ಇಬ್ಬರೂ ಕೈಯಲ್ಲಿ ಇಂಗ್ಲಿಷ್ ವರ್ಣಮಾಲೆಯ ಮೊದಲಕ್ಷರವನ್ನು ಮೂಡಿಸುತ್ತಿದ್ದಾರೆ. ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್. ಲಿಂಕನ್ ಸ್ಮಾರಕದ ಬೃಹತ್ ಪ್ರತಿಮೆಯೂ ಇವರದೇ.

ಈ ನಿತ್ಯದ ರೂಢಿಗಳು ಕೊನೆಗೆ ಕಟ್ಟಡಗಳ ನಕ್ಷೆಯನ್ನೂ ಬದಲಿಸಿದವು. ವಾಸ್ತುಶಿಲ್ಪಿ ಹ್ಯಾನ್ಸೆಲ್ ಬೌಮನ್ 2005ರಿಂದ ಇಲ್ಲಿನ ವಿದ್ಯಾರ್ಥಿಗಳು, ಅಧ್ಯಾಪಕರೊಂದಿಗೆ ಕೂತು ಕಿವುಡರು ಜಾಗವನ್ನು ಹೇಗೆ ಬಳಸುತ್ತಾರೆಂದು ಗಮನಿಸಿ ‘ಡೆಫ್‌ಸ್ಪೇಸ್’ ಎಂಬ ವಿನ್ಯಾಸಸೂತ್ರಗಳನ್ನು ರೂಪಿಸಿದರು. ಇಬ್ಬರು ಅಕ್ಕಪಕ್ಕ ಸಂಜ್ಞೆ ಮಾಡುತ್ತ ಹೋಗುವಷ್ಟು ಅಗಲವಾದ ಓಣಿ, ಎದುರು ಬರುವವರು ಮೊದಲೇ ಕಾಣುವಂತೆ ದುಂಡಗಾಗಿಸಿದ ಮೂಲೆ, ಮೆಟ್ಟಿಲಿನ ಬದಲು ಇಳಿಜಾರು, ಮಾತು ತುಂಡಾಗದಂತೆ ತಾನೇ ಸರಿಯುವ ಬಾಗಿಲು, ಕಣ್ಣು ಕುಕ್ಕದ ಮೃದು ಬೆಳಕು, ಚರ್ಮದ ಬಣ್ಣ ಎದ್ದು ಕಾಣುವಂಥ ನೀಲಿ ಹಸಿರು ಗೋಡೆ, ಯಾರೂ ಯಾರಿಗೂ ಬೆನ್ನು ಹಾಕದ ಹಾಗೆ ಕುದುರೆಲಾಳದ ಆಕಾರದಲ್ಲಿ ಜೋಡಿಸಿದ ತರಗತಿಯ ಆಸನ. 2008ರಲ್ಲಿ ತೆರೆದ ಸೊರೆನ್ಸನ್ ಭಾಷಾ ಕೇಂದ್ರದಲ್ಲೂ 2012ರ ವಸತಿಗೃಹದಲ್ಲೂ ಇವು ಬಳಕೆಯಾಗಿವೆ. ವಾಸ್ತುಶಾಸ್ತ್ರಕ್ಕೆ ಕಿವುಡರು ಕೊಟ್ಟ ಈ ಕೊಡುಗೆಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ. ಕಿವಿ ಕೇಳುವವರಿಗೂ ಇಂಥ ಕಟ್ಟಡಗಳು ಹೆಚ್ಚು ಹಿತವೇ.

ಆವರಣದ ಹೊರಗೂ ಈ ಭಾಷೆ ಹಬ್ಬಿದೆ. ಸಮೀಪದ ಎಚ್ ಸ್ಟ್ರೀಟ್‌ನಲ್ಲಿ 2018ರಿಂದ ಸಂಜ್ಞಾ ಭಾಷೆಯಲ್ಲೇ ವ್ಯವಹರಿಸುವ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯಿದೆ. ಅಲ್ಲಿ ಬೇಕಾದ್ದನ್ನು ಬರೆದೋ ಸನ್ನೆ ಮಾಡಿಯೋ ಕೇಳಬೇಕಾದವರು ಸಂಜ್ಞೆ ಬಾರದ ಗಿರಾಕಿಗಳು.

ಆಟ, ನಗಾರಿ, ಮರಳಿ ಬರುವ ಹಳಬರು

ಅಮೆರಿಕನ್ ಫುಟ್‌ಬಾಲ್ ಆಟಗಾರರು ಪ್ರತಿ ಸಲ ಚೆಂಡು ಆಟಕ್ಕಿಳಿಯುವ ಮೊದಲು ತಲೆಗೆ ತಲೆ ಜೋಡಿಸಿ ವೃತ್ತಾಕಾರವಾಗಿ ನಿಂತು ಮುಂದಿನ ತಂತ್ರ ಮಾತಾಡಿಕೊಳ್ಳುವುದನ್ನು ಟಿವಿಯಲ್ಲಿ ನೋಡಿದವರಿದ್ದಾರೆ. ಆ ಪದ್ಧತಿಯ ಹುಟ್ಟನ್ನು ಸಾಮಾನ್ಯವಾಗಿ ಗ್ಯಾಲಡೆಟ್‌ಗೆ ಕಟ್ಟಲಾಗುತ್ತದೆ. 1890ರ ದಶಕದಲ್ಲಿ ತಂಡದ ಆಟವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಪಾಲ್ ಹಬರ್ಡ್ ತಮ್ಮ ಸಂಜ್ಞೆಗಳನ್ನು ಎದುರಾಳಿಗಳು ಓದಬಾರದೆಂದು ಆಟಗಾರರನ್ನು ಸುತ್ತ ನಿಲ್ಲಿಸಿಕೊಂಡರು. ಎದುರಾಳಿಗಳಲ್ಲಿ ಬೇರೆ ಕಿವುಡ ಶಾಲೆಗಳ ತಂಡಗಳೂ ಇರುತ್ತಿದ್ದವು. ಅಂಕಣದ ಬದಿಯಲ್ಲಿ ದೊಡ್ಡ ನಗಾರಿಯೊಂದನ್ನಿಟ್ಟು, ಅದರ ಹೊಡೆತದ ಕಂಪನದಿಂದ ಆಟಗಾರರಿಗೆ ಚೆಂಡು ಹೊರಡುವ ಗಳಿಗೆ ತಿಳಿಸುವ ಕ್ರಮವೂ ಬೆಳೆಯಿತು. 2023ರ ಅಕ್ಟೋಬರ್ 7ರಂದು ಇನ್ನೊಂದು ಹೊಸತು ಬಂತು. ತರಬೇತುದಾರರು ಟ್ಯಾಬ್ಲೆಟ್‌ನಲ್ಲಿ ಆರಿಸಿದ ತಂತ್ರ ಕ್ವಾರ್ಟರ್‌ಬ್ಯಾಕ್‌ನ ಶಿರಸ್ತ್ರಾಣದೊಳಗಿನ ಪುಟ್ಟ ಗಾಜಿನ ಮೇಲೆ ಮೂಡುವ ಸಾಧನವನ್ನು ಅಂದಿನ ಪಂದ್ಯದಲ್ಲಿ ಬಳಸಿದರು. ಪಂದ್ಯವನ್ನು ಗೆದ್ದರು ಕೂಡ.

ಶರತ್ಕಾಲದ ‘ಹೋಮ್‌ಕಮಿಂಗ್’ ವಾರ ಹಳೆಯ ವಿದ್ಯಾರ್ಥಿಗಳ ಜಾತ್ರೆ. ನಗಾರಿಯ ಲಯಕ್ಕೆ ಸರಿಯಾಗಿ ಸಾವಿರಾರು ಕೈಗಳು ಒಟ್ಟಿಗೆ ಕಾಡೆಮ್ಮೆ ಲಾಂಛನದ ಹುರುಪಿನ ಗೀತೆಯನ್ನು ಹಾಡುತ್ತವೆ. ಕಿವಿಗೆ ಬೀಳದ ತಾಳ ಎದೆಗೂಡಿನಲ್ಲಿ ಗುದ್ದುತ್ತದೆ. ಪಂದ್ಯದ ಸೋಲು ಗೆಲುವು ಹೆಚ್ಚಿನವರಿಗೆ ಎರಡನೆಯ ಮಾತು. ದೂರದ ರಾಜ್ಯಗಳಲ್ಲಿ, ಕಚೇರಿಯಲ್ಲಿ ಒಬ್ಬನೇ ಕಿವುಡನಾಗಿ ವರ್ಷವಿಡೀ ತುಟಿ ಓದಿ, ಚೀಟಿ ಬರೆದು ದಣಿದವರಿಗೆ ಎರಡು ದಿನ ಮನಸೋ ಇಚ್ಛೆ ತಮ್ಮ ಭಾಷೆಯಲ್ಲಿ ಮಾತಾಡಲು ಸಿಗುವುದೇ ಮುಖ್ಯ. 1881ರಲ್ಲಿ ಈಜುಕೊಳ ಸಹಿತ ಕಟ್ಟಿದ ಹಳೆಯ ವ್ಯಾಯಾಮಶಾಲೆ ‘ಓಲ್ ಜಿಮ್’ ಈಗ 1889ರಲ್ಲಿ ಹುಟ್ಟಿದ ಹಳೆಯ ವಿದ್ಯಾರ್ಥಿ ಸಂಘದ ಮನೆಯಾಗಿದೆ.

ಸಂಘ, ನಾಟಕ, ಇಲಿಯ ಶವಯಾತ್ರೆ

1887ರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿತು. ಹುಡುಗರ ಸಾಹಿತ್ಯ ಸಂಘದ ಬಾಗಿಲು ಅವರಿಗೆ ತೆರೆಯಲಿಲ್ಲ. 1892ರಲ್ಲಿ ಅವರು ತಮ್ಮದೇ ಸಂಘ ಕಟ್ಟಿಕೊಂಡು ಚರ್ಚೆ, ಕಥನ, ನಾಟಕ ಶುರುಮಾಡಿದರು. ಅದರ ಮುಂದಾಳುಗಳಲ್ಲಿ ಒಬ್ಬರಾದ ಅಗಾಥಾ ಟೀಗಲ್ 1893ರಲ್ಲಿ ಇಲ್ಲಿ ಬಿ.ಎ. ಪದವಿ ಪಡೆದ ಮೊದಲ ಮಹಿಳೆಯಾದರು. ಘಟಿಕೋತ್ಸವದಲ್ಲಿ ಅವರು ಮಾಡಿದ ಭಾಷಣದ ವಿಷಯ ಹೆಂಗಸರ ಬುದ್ಧಿಶಕ್ತಿ. ವಿದ್ಯಾರ್ಥಿಗಳ ಪತ್ರಿಕೆ ‘ಬಫ್ ಅಂಡ್ ಬ್ಲೂ’ ಆರಂಭವಾದದ್ದೂ 1892ರಲ್ಲೇ.

ಪದವಿಗೆ ಮುನ್ನ ಒಂದು ವರ್ಷದ ಸಿದ್ಧತಾ ತರಗತಿ ಇದ್ದ ಕಾಲದಲ್ಲಿ ಆ ಕಿರಿಯರನ್ನು ಹಿರಿಯರು ‘ಇಲಿ’ಗಳೆಂದು ಕರೆಯುತ್ತಿದ್ದರು. ಸತ್ತ ಇಲಿಗೆ ಪೆಟ್ಟಿಗೆ ಮಾಡಿ, ಮೆರವಣಿಗೆಯಲ್ಲಿ ಹೊತ್ತೊಯ್ದು, ಗಂಭೀರ ಮುಖದಿಂದ ಶೋಕಭಾಷಣ ಮಾಡಿ ಮಣ್ಣುಮಾಡುವ ಆಚರಣೆ ಅವರ ಪಾಲಿಗಿತ್ತು. ಮೇಲ್ನೋಟಕ್ಕೆ ಹುಡುಗಾಟ. ಆದರೆ ವೇಷ, ನಟನೆ, ಸಂಜ್ಞೆಯ ವಾಗ್ಮಿತೆ ಮೂರನ್ನೂ ಬೇಡುವ ಈ ಅಣಕಿನಲ್ಲಿ ಹೊಸಬರು ಸಮುದಾಯದ ಕಥನಕಲೆಯನ್ನು ಕಲಿಯುತ್ತಿದ್ದರು.

ರಂಗಭೂಮಿ ಇಲ್ಲಿ ಎಲ್ಲ ಕಾಲಕ್ಕೂ ಗಟ್ಟಿ. 1942ರ ಮೇ ತಿಂಗಳಲ್ಲಿ ಗ್ಯಾಲಡೆಟ್ ವಿದ್ಯಾರ್ಥಿಗಳು ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ನಾಟಕವನ್ನು ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಸಂಜ್ಞಾ ಭಾಷೆಯಲ್ಲಿ ಆಡಿ ಬಂದರು. ವರ್ಣಮಾಲೆಯ ಪ್ರತಿ ಅಕ್ಷರದ ಕೈಯಾಕಾರವನ್ನೂ ಅನುಕ್ರಮವಾಗಿ ಬಳಸಿ ಕಥೆ ಹೇಳುವ ಪ್ರಕಾರ ಕೂಟಗಳಲ್ಲಿ ಇಂದಿಗೂ ಜನಪ್ರಿಯ.

ಇದೆಲ್ಲ ನಡೆಯುತ್ತಿದ್ದದ್ದು ಸಂಜ್ಞಾ ಭಾಷೆಗೆ ಭಾಷೆಯೆಂಬ ಮಾನ್ಯತೆಯೇ ಇಲ್ಲದ ದಿನಗಳಲ್ಲಿ. ಕಿವುಡರ ಶಿಕ್ಷಣವನ್ನು ಕುರಿತು 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಸಮ್ಮೇಳನ ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕೆಂದು ತೀರ್ಮಾನಿಸಿತ್ತು. ಎಡ್ವರ್ಡ್ ಗ್ಯಾಲಡೆಟ್ ಅಲ್ಲಿ ವಿರೋಧಿಸಿದವರಲ್ಲಿ ಒಬ್ಬರು. ಅಮೆರಿಕದ ಬಹಳಷ್ಟು ಶಾಲೆಗಳಲ್ಲೂ ಕೈಮಾತಿಗೆ ನಿಷೇಧ ಬಿತ್ತು. ಭಾಷೆ ಅಳಿದೀತೆಂಬ ಆತಂಕದಿಂದ ಇಲ್ಲಿನ ಪದವೀಧರ ಜಾರ್ಜ್ ವೆಡಿಟ್ಜ್ 1913ರಲ್ಲಿ ಕ್ಯಾಮೆರಾದ ಮುಂದೆ ನಿಂತು ಅದರ ರಕ್ಷಣೆಗೆ ಕರೆಕೊಟ್ಟರು. ಆ ಮೂಕಿಚಿತ್ರ ಇಂದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿದೆ. 1955ರಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಬಂದ ವಿಲಿಯಂ ಸ್ಟೋಕೀ ವಿದ್ಯಾರ್ಥಿಗಳ ಕೈಮಾತಿಗೆ ತನ್ನದೇ ವ್ಯಾಕರಣವಿದೆಯೆಂದು 1960ರಲ್ಲಿ ತೋರಿಸಿದಾಗ ಸಹೋದ್ಯೋಗಿಗಳೇ ಗೇಲಿ ಮಾಡಿದರು. ವಿದ್ವಾಂಸರು ಒಪ್ಪುವವರೆಗೆ ಈ ಭಾಷೆಯನ್ನು ಬದುಕಿಸಿದವರು ಹಾಸ್ಟೆಲಿನ ಹುಡುಗರು, ನಾಟಕದವರು, ಆಟಗಾರರು.

1988ರ ಮಾರ್ಚ್

ಸಂಸ್ಥೆಗೆ ಪದವಿ ನೀಡುವ ಅಧಿಕಾರ ಸಿಕ್ಕಿ 124 ವರ್ಷವಾದರೂ ಅದರ ಅಧ್ಯಕ್ಷರೆಲ್ಲ ಕಿವಿ ಕೇಳುವವರೇ ಆಗಿದ್ದರು. 1988ರ ಮಾರ್ಚ್ 6ರಂದು ಆಡಳಿತ ಮಂಡಳಿ ಇಬ್ಬರು ಕಿವುಡ ಅಭ್ಯರ್ಥಿಗಳನ್ನು ಬಿಟ್ಟು ಎಲಿಜಬೆತ್ ಜಿನ್ಸರ್ ಅವರನ್ನು ಆರಿಸಿತು. ಅವರಿಗೆ ಕಿವಿ ಕೇಳುತ್ತಿತ್ತು, ಸಂಜ್ಞೆ ಬರುತ್ತಿರಲಿಲ್ಲ. ವಿದ್ಯಾರ್ಥಿಗಳು ಬಸ್ಸುಗಳನ್ನು ಅಡ್ಡ ನಿಲ್ಲಿಸಿ, ಚಕ್ರದ ಗಾಳಿ ತೆಗೆದು ದ್ವಾರಗಳನ್ನು ಮುಚ್ಚಿದರು. ಗ್ರೆಗ್ ಹ್ಲಿಬಾಕ್, ಟಿಮ್ ರೇರಸ್, ಬ್ರಿಜೆಟಾ ಬೋರ್ನ್, ಜೆರಿ ಕೊವೆಲ್ ನಾಲ್ವರು ಮುಂದಾಳುಗಳು. ಬೇಡಿಕೆಯೂ ನಾಲ್ಕು: ಕಿವುಡ ಅಧ್ಯಕ್ಷರು, ಮಂಡಳಿಯ ಮುಖ್ಯಸ್ಥೆ ಜೇನ್ ಸ್ಪಿಲ್‌ಮನ್ ಅವರ ರಾಜೀನಾಮೆ, ಮಂಡಳಿಯಲ್ಲಿ ಶೇ. 51 ಕಿವುಡರು, ಚಳವಳಿಗಾರರ ಮೇಲೆ ಸೇಡು ಬೇಡ. ಸ್ಪಿಲ್‌ಮನ್ ವ್ಯಾಯಾಮಶಾಲೆಯಲ್ಲಿ ಮಾತಾಡಲು ನಿಂತಾಗ ಬೆಂಕಿಯ ಎಚ್ಚರಿಕೆ ಗಂಟೆಗಳು ಮೊಳಗಿದವು. ತೊಂದರೆಯಾದದ್ದು ಧ್ವನಿಯಲ್ಲಿ ಮಾತಾಡುವವರಿಗೆ ಮಾತ್ರ.

ಆ ವಾರ ಆವರಣದಲ್ಲಿ ಪ್ರತಿಭಟನೆ ಯಾವುದು, ಉತ್ಸವ ಯಾವುದು ಎಂದು ಬೇರ್ಪಡಿಸುವಂತಿರಲಿಲ್ಲ. ಊರೂರಿನ ಕಿವುಡರು ಬಂದರು, ಊಟ ಬಂತು, ದುಭಾಷಿಗಳು ಸ್ವಯಂಪ್ರೇರಿತರಾಗಿ ನಿಂತರು. 10ರಂದು ಜಿನ್ಸರ್ ಹಿಂದೆ ಸರಿದರು. 11ರಂದು ಸುಮಾರು 2,500 ಮಂದಿ ಸಂಸತ್ ಭವನಕ್ಕೆ ನಡೆದರು. 13ರಂದು ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. 21ನೆಯ ವಯಸ್ಸಿನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಶ್ರವಣ ಕಳೆದುಕೊಂಡವರು ಅವರು. ವಿದ್ಯಾರ್ಥಿಗಳು ಅಷ್ಟು ಬೇಗ ಸಂಘಟಿತರಾದದ್ದಕ್ಕೆ ಹಬ್ಬ, ಪಂದ್ಯ, ನಾಟಕಗಳಲ್ಲಿ ಒಟ್ಟಿಗೆ ದುಡಿದ ಅಭ್ಯಾಸ ಬಹಳ ಮಟ್ಟಿಗೆ ಕಾರಣ.

ಮರುವರ್ಷದ ಜುಲೈನಲ್ಲಿ ‘ಡೆಫ್ ವೇ’ ಎಂಬ ಅಂತರರಾಷ್ಟ್ರೀಯ ಉತ್ಸವಕ್ಕೆ 6,000ಕ್ಕೂ ಹೆಚ್ಚು ಜನ ಸೇರಿದರು. 2002ರ ಎರಡನೆಯ ಉತ್ಸವಕ್ಕೆ ಬಂದವರು ಸುಮಾರು 10,000.

ಹೊರಗಿಟ್ಟವರು

ಈ ಮನೆಗೆ ಎಲ್ಲ ಕಿವುಡರಿಗೂ ಪ್ರವೇಶವಿರಲಿಲ್ಲ. 1905ರ ನಂತರ ವಾಷಿಂಗ್ಟನ್ನಿನ ಕಪ್ಪು ಕಿವುಡ ಮಕ್ಕಳನ್ನು ಕೆಂಡಲ್ ಶಾಲೆಯಿಂದ ಹೊರಗಿಟ್ಟು ನೆರೆಯ ಮೇರಿಲ್ಯಾಂಡ್ ರಾಜ್ಯಕ್ಕೆ ಕಳಿಸುತ್ತಿದ್ದರು. ಲೂಯಿಸ್ ಮಿಲ್ಲರ್ ಎಂಬ ತಾಯಿ ಇತರ ಪೋಷಕರೊಂದಿಗೆ ಮೊಕದ್ದಮೆ ಹೂಡಿ 1952ರಲ್ಲಿ ಗೆದ್ದರು. ಆಗಲೂ ಮಕ್ಕಳನ್ನು ಒಟ್ಟಿಗೆ ಕೂರಿಸದೆ, ಅದೇ ಆವರಣದಲ್ಲಿ ಪ್ರತ್ಯೇಕ ಕಟ್ಟಡದಲ್ಲಿ ‘ಎರಡನೆಯ ವಿಭಾಗ’ ತೆರೆದರು. 1954ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ವರ್ಣಭೇದವನ್ನು ಅಸಾಂವಿಧಾನಿಕವೆಂದ ಮೇಲೆ ಅದು ಮುಚ್ಚಿತು. ಅದೇ 1954ರಲ್ಲಿ ಕಪ್ಪು ವಿದ್ಯಾರ್ಥಿ ಆಂಡ್ರ್ಯೂ ಫಾಸ್ಟರ್ ಗ್ಯಾಲಡೆಟ್ ಪದವೀಧರರಾದರು. ಮುಂದೆ ಅವರು ಆಫ್ರಿಕಾದ ದೇಶಗಳಲ್ಲಿ ಕಿವುಡರಿಗಾಗಿ 30ಕ್ಕೂ ಹೆಚ್ಚು ಶಾಲೆಗಳನ್ನು ಕಟ್ಟಿದರು.

2023ರ ಜುಲೈ 22ರಂದು ವಿಶ್ವವಿದ್ಯಾಲಯ ಎರಡನೆಯ ವಿಭಾಗದ 24 ವಿದ್ಯಾರ್ಥಿಗಳಿಗಾಗಿ ಘಟಿಕೋತ್ಸವ ನಡೆಸಿ, ಎಪ್ಪತ್ತು ವರ್ಷಗಳ ಹಿಂದೆ ಸಿಗದ ಪ್ರೌಢಶಾಲಾ ಪ್ರಮಾಣಪತ್ರಗಳನ್ನು ಕೊಟ್ಟಿತು. ಬದುಕಿದ್ದವರು ವೃದ್ಧರಾಗಿ ಬಂದು ತೆಗೆದುಕೊಂಡರು. ಉಳಿದವರ ಪರವಾಗಿ ಮಕ್ಕಳು ಮೊಮ್ಮಕ್ಕಳು ಬಂದರು. ಗ್ಯಾಲಡೆಟ್‌ನ ಆಚರಣೆಗಳಲ್ಲಿ ಇದಕ್ಕಿಂತ ತಡವಾದದ್ದೂ ಇದಕ್ಕಿಂತ ಅಗತ್ಯವಾದದ್ದೂ ಇಲ್ಲ.

ಬೆಂಗಳೂರಿನ ನಂಟು

ಭಾರತದ ಕಿವುಡರ ಭಾಷೆಯ ಅಧ್ಯಯನಕ್ಕೂ ಇಲ್ಲಿಂದ ಬಲ ಬಂತು. ಹಿಮಾಚಲದ ಹಳ್ಳಿಯಿಂದ ಗ್ಯಾಲಡೆಟ್‌ಗೆ ಬಂದು ಓದಿ ಅಲ್ಲೇ ಅಧ್ಯಾಪಕರೂ ಆದ ಮದನ್ ವಸಿಷ್ಠ, ಭಾಷಾವಿಜ್ಞಾನಿ ಜೇಮ್ಸ್ ವುಡ್‌ವರ್ಡ್ ಮತ್ತಿತರರು 1970ರ ದಶಕದ ಕೊನೆಯಲ್ಲಿ ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಕಿವುಡರಿಂದ ಸಂಜ್ಞೆಗಳನ್ನು ಸಂಗ್ರಹಿಸಿದರು. ಈ ನಗರಗಳ ಸಂಜ್ಞೆಗಳಲ್ಲಿ ಬಹುಪಾಲು ಒಂದಕ್ಕೊಂದು ಸಂಬಂಧಪಟ್ಟವೆಂದು ಅದರಿಂದ ತಿಳಿಯಿತು. ಹಾರ್ಟ್‌ಫರ್ಡ್‌ನಂಥ ಒಂದು ಮೂಲಶಾಲೆ ಇಲ್ಲದ ದೇಶದಲ್ಲೂ ಕಿವುಡರು ಪರಸ್ಪರ ಸೇರಿ ಭಾಷೆಯನ್ನು ಹಂಚಿಕೊಂಡಿದ್ದರು. ಬೆಂಗಳೂರು ಪ್ರಭೇದವನ್ನು ಕುರಿತ ಪುಸ್ತಕ 1985ರಲ್ಲಿ ಗ್ಯಾಲಡೆಟ್‌ನಿಂದಲೇ ಪ್ರಕಟವಾಯಿತು. ಅಮೆರಿಕದ ಬೆರಳಕ್ಷರ ಒಂದೇ ಕೈಯದು, ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಕೈಯದು; ಹಾಗಾಗಿ ಬೆಂಗಳೂರಿನ ಕಿವುಡ ವಿದ್ಯಾರ್ಥಿ ವಾಷಿಂಗ್ಟನ್ನಿಗೆ ಹೋದರೆ ಹೊಸ ಭಾಷೆಯನ್ನೇ ಕಲಿಯಬೇಕಾಗುತ್ತದೆ.

ಬದಲಾದ ವಿದ್ಯಾರ್ಥಿಗಳು

ಅಂಗವಿಕಲ ಮಕ್ಕಳ ಶಿಕ್ಷಣವನ್ನು ಕುರಿತ 1975ರ ಕಾಯಿದೆಯ ನಂತರ ಅಮೆರಿಕದ ಹೆಚ್ಚಿನ ಕಿವುಡ ಮಕ್ಕಳು ವಸತಿಶಾಲೆ ಬಿಟ್ಟು ಊರಿನ ಸಾಮಾನ್ಯ ಶಾಲೆಗಳಿಗೆ ಹೋಗತೊಡಗಿದರು. ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಶ್ರವಣ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್ ಬಂದ ಮೇಲೆ ಬಾಯಿಮಾತಿನಲ್ಲೇ ಬೆಳೆದವರೂ ಹೆಚ್ಚಿದರು. ಹಿಂದೆ ಸಂಜ್ಞೆಯಲ್ಲಿ ಪಳಗಿಯೇ ಗ್ಯಾಲಡೆಟ್‌ಗೆ ಬರುತ್ತಿದ್ದರು. ಈಗ ಹದಿನೆಂಟು ತುಂಬಿದ ಮೇಲೆ ಇನ್ನೊಬ್ಬ ಕಿವುಡರನ್ನು ಮೊದಲ ಸಲ ನೋಡುವವರೂ ಬರುತ್ತಾರೆ. ಅವರಿಗಾಗಿ ತರಗತಿ ಶುರುವಾಗುವ ಮೊದಲೇ ‘ಜಂಪ್‌ಸ್ಟಾರ್ಟ್’ ಎಂಬ ಸಂಜ್ಞಾ ಭಾಷೆಯ ಶಿಬಿರ ನಡೆಯುತ್ತದೆ. ಶಿಬಿರ ಕಲಿಸುವುದು ವ್ಯಾಕರಣವನ್ನು. ಭುಜ ಎಷ್ಟು ಮೆಲ್ಲಗೆ ತಟ್ಟಬೇಕು, ಇಬ್ಬರ ಮಾತಿನ ನಡುವೆ ಹಾದುಹೋಗುವುದು ಹೇಗೆ, ನಗೆಚಟಾಕಿಗೆ ಯಾವಾಗ ನಗಬೇಕು ಎಂಬುದನ್ನು ಅವರು ಊಟದ ಮನೆಯಲ್ಲಿ, ನಗಾರಿಯ ಸುತ್ತ, ರಾತ್ರಿಯ ಹರಟೆಯಲ್ಲಿ ಕಲಿಯುತ್ತಾರೆ. ಚುರುಕಾಗಿ ಸಂಜ್ಞೆ ಮಾಡುವವರು ತಡವರಿಸುವ ಹೊಸಬರನ್ನು ವೃತ್ತದ ಹೊರಗೆ ಬಿಡುತ್ತಾರೆಂಬ ದೂರು ಆವರಣದಲ್ಲಿ ಹಳೆಯದು. ಕಿವುಡ ಕುಟುಂಬದಲ್ಲಿ ಹುಟ್ಟಿದವರಿಗೂ ಉಳಿದವರಿಗೂ ನಡುವಿನ ಈ ಅಂತರ ಇಲ್ಲಿನ ವಿದ್ಯಾರ್ಥಿ ಜೀವನದ ಮುಖ್ಯ ಚರ್ಚೆಗಳಲ್ಲಿ ಒಂದಾಗಿ ಮುಂದುವರಿದಿದೆ.